ಹಳೆಯ ಇಗರ್ಜಿಯ ಗೋಡೆ

ಹಳೆಯ ಇಗರ್ಜಿಯನ್ನು ದುರಸ್ತಿ ಮಾಡಹೊರಟವರು ಮೊದಲು ಸಿಮೆಂಟನ್ನು ತರಿಸುವುದುಂಟು. ಅದು ದುಡುಕೇ ಸರಿ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಇಟಲಿಯ ಆಂತೋನಿಯೊ ಮೊಸ್ಕೇನಿಯವರು 1899ರಲ್ಲಿ ಚಿತ್ರ ಬರೆಯತೊಡಗಿದರು. ಗೋಡೆಯ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣವನ್ನಿಟ್ಟರೆ, ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಬಣ್ಣವು ಅದರಲ್ಲಿ ಸೆರೆಯಾಗುತ್ತದೆ.

ಇಷ್ಟು ಗಟ್ಟಿಯಾದ ಚಿತ್ರಕ್ಕೆ ವೈರಿ ಯಾವುದು? ನೀರು. ಗಾರೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿದ ನೀರು ಹೊರಮೈಯಲ್ಲಿ ಆರುವಾಗ, ಅದರಲ್ಲಿ ಕರಗಿದ್ದ ಲವಣಗಳು ಹರಳುಗಟ್ಟಿ ಬಣ್ಣದ ಪದರವನ್ನು ಎಬ್ಬಿಸಿ ಉದುರಿಸುತ್ತವೆ. ಹೊರಗೋಡೆಗೆ ಸಿಮೆಂಟು ಮೆತ್ತಿದರೆ ನೀರು ಆರುವ ದಾರಿ ಮುಚ್ಚಿಹೋಗಿ, ತೇವವು ಚಿತ್ರವಿರುವ ಒಳಮೈಯತ್ತ ತಿರುಗುತ್ತದೆ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ನಮ್ಮ ಯಮಕನಮರಡಿ ಕಡೆಯ ಹಳೆಯ ವಾಡೆಗಳಿಗೂ ಅಷ್ಟೆ.

ಮಂಗಳೂರಿನ ಚಿತ್ರಗಳನ್ನು ಇಂಟಾಕ್ ಸಂಸ್ಥೆಯು 1991ರಿಂದ 1994ರ ವರೆಗೆ ಜೀರ್ಣೋದ್ಧಾರ ಮಾಡಿತು. ಎಲ್ಲ ಮತದವರೂ ಅವನ್ನು ನೋಡಬರುತ್ತಾರೆ.