ಕೈಯ ಮಾತನ್ನು ಯಂತ್ರಕ್ಕೆ ಮುಟ್ಟಿಸುವ ಬಗೆ

ಗಣಕವಿದ್ಯೆಯನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಮೊದಲ ಪಾಠವಾಗಿ ಯಾವುದನ್ನು ಕೊಡಬೇಕೆಂಬ ಪ್ರಶ್ನೆ ಅಧ್ಯಾಪಕರಲ್ಲಿ ಆಗಾಗ ಏಳುವುದುಂಟು. ಇಂದಿನ ಯಂತ್ರಗಳಲ್ಲಿ ಕೀಲಿಯನ್ನೊತ್ತಿದ ಬೆರಳಿಗೂ ತೆರೆಯ ಮೇಲೆ ಮೂಡುವ ಫಲಕ್ಕೂ ನಡುವೆ ಹತ್ತಾರು ಪದರಗಳಿರುವುದರಿಂದ ಆರಂಭದ ವಿದ್ಯಾರ್ಥಿಗೆ ಮೂಲತತ್ತ್ವವು ಕಾಣಿಸದೆ ಹೋಗುತ್ತದೆ. ಹಳೆಯ ಆಟದ ಯಂತ್ರದಲ್ಲಿಯಾದರೋ ಆ ನಡುವಣ ಹಾದಿ ಒಂದೇ ಪುಟದಲ್ಲಿ ಬರೆದು ಮುಗಿಸುವಷ್ಟು ಚಿಕ್ಕದು. ಕೈಯಲ್ಲಿ ಹಿಡಿಯುವ ನಿಯಂತ್ರಕದ ಸಂಕೇತಗಳನ್ನು ಓದಿ ಆಟದ ಪ್ರೋಗ್ರಾಮಿಗೆ ತಲುಪಿಸುವ ಆ ಚಿಕ್ಕ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಅದನ್ನು ಬರೆಯುವ ಕ್ರಮವನ್ನು ವಿವರಿಸಿ, ಅದರಿಂದ ನಾವು ಕಲಿಯಬೇಕಾದ ಒಂದು ವಿವೇಕವನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ನಿದರ್ಶನಕ್ಕಾಗಿ ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರ ಜುಲೈ ತಿಂಗಳಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರವನ್ನು ತೆಗೆದುಕೊಳ್ಳೋಣ. ಮಸಾಯುಕಿ ಉಯೆಮುರಾ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಯಂತ್ರವು ೧೯೮೫ರಲ್ಲಿ ಅಮೆರಿಕದಲ್ಲಿ ಎನ್‌ಇಎಸ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಇದರ ತಯಾರಿಕೆ ೨೦೦೩ರಲ್ಲಿ ನಿಂತುಹೋಯಿತಾದರೂ ಆಸಕ್ತರು ಇಂದಿಗೂ ಇದಕ್ಕಾಗಿ ಹೊಸ ಆಟಗಳನ್ನು ಬರೆಯುತ್ತಿದ್ದಾರೆ. ಇದರ ಸಂಸ್ಕಾರಕವು ೬೫೦೨ ಮಾದರಿಯದು. ಅದರ ಗಡಿಯಾರವು ಸೆಕೆಂಡಿಗೆ ಸುಮಾರು ೧೭.೯ ಲಕ್ಷ ಬಾರಿ ಮಿಡಿಯುತ್ತದೆ. ತೆರೆಯ ಚಿತ್ರ ಸೆಕೆಂಡಿಗೆ ಸುಮಾರು ೬೦ ಬಾರಿ ಹೊಸದಾಗುತ್ತದೆ. ಪ್ರತಿ ಚಿತ್ರಕ್ಕೊಮ್ಮೆ ಆಟಗಾರನ ಕೈಯನ್ನು ವಿಚಾರಿಸುವುದು ರೂಢಿ.

ಅಮೆರಿಕದ ಮಾದರಿಯ ನಿಯಂತ್ರಕದಲ್ಲಿ ಎಂಟು ಗುಂಡಿಗಳಿವೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಇವೆಲ್ಲವುಗಳ ಸ್ಥಿತಿಯನ್ನು ಒಂದೇ ತಂತಿಯ ಮೂಲಕ ಕಳುಹಿಸಬೇಕಾಗಿರುವುದರಿಂದ ನಿಯಂತ್ರಕದೊಳಗೆ ೪೦೨೧ ಎಂಬ ಷಿಫ್ಟ್ ರಿಜಿಸ್ಟರನ್ನು ಇರಿಸಿದ್ದಾರೆ. ಇದರ ಕೆಲಸವನ್ನು ತರಗತಿಯ ಹಾಜರಿಗೆ ಹೋಲಿಸಬಹುದು. ಹದಿನಾರರ ಮಾನದಲ್ಲಿ ೪೦೧೬ ಎಂಬ ವಿಳಾಸಕ್ಕೆ ೧ ಎಂದು ಬರೆದು, ಬಳಿಕ ೦ ಎಂದು ಬರೆದರೆ ಎಂಟು ಗುಂಡಿಗಳ ಆ ಕ್ಷಣದ ಸ್ಥಿತಿ ಸಾಲಾಗಿ ನಿಲ್ಲುತ್ತದೆ. ಅನಂತರ ಅದೇ ವಿಳಾಸವನ್ನು ಒಂದೊಂದು ಬಾರಿ ಓದಿದಂತೆಲ್ಲ ಒಂದೊಂದು ಗುಂಡಿ ಮೇಲೆ ಹೇಳಿದ ಕ್ರಮದಲ್ಲಿ ಉತ್ತರ ಕೊಡುತ್ತದೆ. ಒತ್ತಿದ್ದರೆ ೧, ಇಲ್ಲದಿದ್ದರೆ ೦. ಉತ್ತರದೊಡನೆ ಹೆಸರು ಬರುವುದಿಲ್ಲ. ಸಾಲಿನಲ್ಲಿರುವ ಸ್ಥಾನವೇ ಹೆಸರು. ಎಂಟೂ ಮುಗಿದ ಮೇಲೆ ಮತ್ತೆ ಓದಿದರೆ ೧ ಎಂಬುದೇ ಬರುತ್ತಿರುತ್ತದೆ.

ಡ್ರೈವರ್ ಈ ಎಂಟು ಉತ್ತರಗಳನ್ನು ಒಂದು ಬೈಟಿನಲ್ಲಿ ಜೋಡಿಸಬೇಕು. ಇದಕ್ಕೊಂದು ಸೊಗಸಾದ ಉಪಾಯವಿದೆ. ಆ ಬೈಟಿನಲ್ಲಿ ಮೊದಲೇ ೧ ಎಂಬ ಅಂಕಿಯನ್ನು ಇಟ್ಟು, ಪ್ರತಿ ಉತ್ತರವನ್ನು ಬಲಗಡೆಯಿಂದ ಒಳಗೆ ತಳ್ಳುತ್ತ ಹೋದರೆ, ಎಂಟನೆಯ ತಳ್ಳುವಿಕೆಯಲ್ಲಿ ಆ ಮೊದಲಿನ ೧ ಎಡಗಡೆಯಿಂದ ಹೊರಬೀಳುತ್ತದೆ. ಅದು ಹೊರಬಿದ್ದುದೇ ಕೆಲಸ ಮುಗಿದ ಗುರುತು. ಬೇರೆ ಎಣಿಕೆ ಬೇಕಾಗುವುದಿಲ್ಲ.

ಇಷ್ಟರಿಂದಲೇ ಆಟ ನಡೆಯಲಾರದು. ಗುಂಡಿ ಒತ್ತಿರುವುದು ಬೇರೆ, ಈಗತಾನೆ ಒತ್ತಿದ್ದು ಬೇರೆ. ಬೆರಳು ಗುಂಡಿಯ ಮೇಲೆ ಅರ್ಧ ಸೆಕೆಂಡು ನಿಂತರೆ ಡ್ರೈವರಿಗೆ ಸುಮಾರು ೩೦ ಬಾರಿ ೧ ಎಂದು ಕೇಳಿಸುತ್ತದೆ. ಆಟಗಾರನ ಇಚ್ಛೆಯಾದರೋ ಒಂದೇ ಜಿಗಿತ. ಆದ್ದರಿಂದ ಹಿಂದಿನ ಸಲದ ಬೈಟನ್ನು ನೆನಪಿನಲ್ಲಿಟ್ಟು, ಆಗ ೦ ಆಗಿದ್ದು ಈಗ ೧ ಆಗಿರುವ ಸ್ಥಾನಗಳನ್ನು ಮಾತ್ರ ಹೊಸ ಒತ್ತುವಿಕೆ ಎಂದು ಆರಿಸಬೇಕು.

ಇನ್ನು ಮುಖ್ಯವಾದ ಸಂಗತಿ. ಜಪಾನ್ ಮತ್ತು ಅಮೆರಿಕದ ಈ ಯಂತ್ರಗಳಲ್ಲಿ ಒಂದು ದೋಷವಿದೆ. ಡೋಲಿನ ಪೆಟ್ಟಿನಂತಹ ಧ್ವನಿಮುದ್ರಿತ ಸದ್ದನ್ನು ನುಡಿಸುವಾಗ ಧ್ವನಿವಿಭಾಗವು ಸ್ಮೃತಿಕೋಶದಿಂದ ಬೈಟುಗಳನ್ನು ತರಲು ಸಂಸ್ಕಾರಕವನ್ನು ಕ್ಷಣಕಾಲ ತಡೆಯುತ್ತದೆ. ಆ ತಡೆಯು ನಿಯಂತ್ರಕವನ್ನು ಓದುವ ಗಳಿಗೆಗೇ ಒದಗಿದರೆ, ಒಂದು ಓದು ನಿಯಂತ್ರಕಕ್ಕೆ ಎರಡಾಗಿ ತೋರಿ, ಸಾಲಿನ ಒಂದು ಉತ್ತರ ಕಳೆದುಹೋಗುತ್ತದೆ. ಹಾಜರಿಯಲ್ಲಿ ಒಬ್ಬನ ದನಿ ಗದ್ದಲದಲ್ಲಿ ಮುಳುಗಿದರೆ ಅವನ ಹಿಂದಿನವರೆಲ್ಲರ ಉತ್ತರ ಒಂದೊಂದು ಸ್ಥಾನ ಮುಂದಕ್ಕೆ ಸರಿದಂತಾಯಿತು. ಖಾಲಿಯಾದ ಕೊನೆಯ ಸ್ಥಾನದಲ್ಲಿ ಸಾಲು ಮುಗಿದ ಮೇಲೆ ಬರುವ ೧ ಬಂದು ಕೂಡುತ್ತದೆ. ಕೊನೆಯ ಸ್ಥಾನ ಬಲಗುಂಡಿಯದು. ಯಾರೂ ಮುಟ್ಟದಿದ್ದರೂ ತೆರೆಯ ಮೇಲಿನ ವೀರನು ಬಲಕ್ಕೆ ಹೆಜ್ಜೆಯಿಡುತ್ತಾನೆ. ಕಂದಕದ ಅಂಚಿನಲ್ಲಿದ್ದರೆ ಬೀಳುತ್ತಾನೆ. ಆಡುತ್ತಿದ್ದ ಬಾಲಕನು ತನ್ನ ಕೈಯೇ ತಪ್ಪಿತೆಂದು ನಂಬುತ್ತಾನೆ.

ಪರಿಹಾರ ಸರಳವಾದುದು. ಒಮ್ಮೆ ಓದಿದುದನ್ನು ನಂಬದೆ ಮತ್ತೊಮ್ಮೆ ಮೊದಲಿನಿಂದ ಓದಬೇಕು. ಎರಡೂ ಒಂದೇ ಆಗಿದ್ದರೆ ಸ್ವೀಕರಿಸಬೇಕು. ಬೇರೆಯಾದರೆ ಒಂದರ ಹಿಂದೊಂದು ಬಂದ ಎರಡು ಓದುಗಳು ಹೊಂದುವವರೆಗೆ ಮುಂದುವರಿಯಬೇಕು. ಧ್ವನಿಯ ಬೈಟುಗಳು ಅತಿ ವೇಗದಲ್ಲಿ ಬಂದರೂ ಒಂದಕ್ಕೊಂದರ ನಡುವೆ ೪೩೨ ಮಿಡಿತಗಳ ಅಂತರವಿರುತ್ತದೆ. ಎರಡೂ ಓದುಗಳು ಆ ಅಂತರದೊಳಗೆ ಮುಗಿಯುವಂತೆ ಬರೆದರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ೧೯೮೮ರ ಸೂಪರ್ ಮಾರಿಯೋ ಬ್ರದರ್ಸ್ ೩ ಆಟದಲ್ಲಿಯೂ ಹೀಗೆ ಮರಳಿ ಓದುವ ಕ್ರಮವನ್ನೇ ಅನುಸರಿಸಲಾಗಿದೆ.

ವಿದ್ಯಾರ್ಥಿಗಳಿಗೆ ಇದನ್ನೇ ಅಭ್ಯಾಸವಾಗಿ ಕೊಡಬಹುದು. ತೆರೆಯ ಮೇಲೆ ಎಂಟು ಚೌಕಗಳನ್ನು ಬರೆಸಿ, ಗುಂಡಿ ಒತ್ತಿದಾಗ ಅದರ ಚೌಕ ಬೆಳಗುವಂತೆ ಮಾಡಿಸಬೇಕು. ಬಳಿಕ ಗುಂಡಿಗಳನ್ನು ಮುಟ್ಟದೆ ಡೋಲಿನ ಸದ್ದನ್ನು ನುಡಿಸಬೇಕು. ಒಮ್ಮೆ ಮಾತ್ರ ಓದುವ ಡ್ರೈವರಿನಲ್ಲಿ ಎಂಟನೆಯ ಚೌಕ ಆಗೊಮ್ಮೆ ಈಗೊಮ್ಮೆ ಮಿನುಗುತ್ತದೆ. ಎರಡು ಬಾರಿ ಓದುವುದರಲ್ಲಿ ಸುಮ್ಮನಿರುತ್ತದೆ. ಮೂಲಯಂತ್ರ ದೊರೆಯದಿದ್ದಲ್ಲಿ ಅದನ್ನು ಯಥಾವತ್ತಾಗಿ ಅನುಕರಿಸುವ ಪ್ರೋಗ್ರಾಮುಗಳೂ ಇವೆ.

ಡ್ರೈವರಿನ ಕೆಲಸವನ್ನು ಯಾರೂ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೂ ಅದು ನಿಷ್ಠೆಯಿಂದ ನಡೆದಾಗಲೇ ಆಟ ನ್ಯಾಯವಾಗಿರುತ್ತದೆ. ಕಾಯಕದ ಹಿರಿಮೆಯನ್ನು ಬಲ್ಲ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅಧ್ಯಾಪಕರಾದ ನಾವೂ ದಿನನಿತ್ಯ ಎಳೆಯ ದನಿಗಳನ್ನು ಓದುವವರೇ. ಗದ್ದಲದ ನಡುವೆ ಒಮ್ಮೆ ಕೇಳಿಸಿದ ಉತ್ತರದ ಮೇಲೆ ಬಾಲಕನೊಬ್ಬನನ್ನು ದಡ್ಡನೆಂದು ಗುರುತಿಸಿದ ಪ್ರಸಂಗಗಳು ನಮ್ಮಲ್ಲಿ ಯಾರಿಗೆ ನೆನಪಿಲ್ಲ? ತಪ್ಪು ಅವನ ನುಡಿಯದೋ ನಮ್ಮ ಕಿವಿಯದೋ ಎಂದು ತಿಳಿಯಲು ಮತ್ತೊಮ್ಮೆ ಕೇಳುವ ತಾಳ್ಮೆಯೊಂದೇ ಸಾಕು. ಯಂತ್ರಕ್ಕೆ ಕಲಿಸುವ ಈ ಪಾಠವನ್ನು ನಾವು ಮೊದಲು ಕಲಿತರೆ ಕಲಿಸುವ ಅಧಿಕಾರ ನಮಗೆ ತಾನಾಗಿ ಬರುತ್ತದೆ.