ಹುಂಜ ಬದಲಾದ್ರೂ ಮರಿ ಹಳೇ ಹುಂಜಂದೇ ಯಾಕೆ?

ನಮ್ಮ ಸಿಂದಗಿ ಕಡೆ ಹಳ್ಳಿಗಳಲ್ಲಿ ಜವಾರಿ ಕೋಳಿ ಸಾಕುವ ಮನೆಗಳು ಈಗಲೂ ಇವೆ. ಅಂಥ ಒಂದು ಮನೆಯ ಲೆಕ್ಕ ಮಾಡೋಣ. ಮನೆಯ ಹಳೇ ಹುಂಜಕ್ಕೆ ಬೋಳು ಕುತ್ತಿಗೆ. ಮಾಲೀಕರು ಅದನ್ನು ಸಂತೆಯಲ್ಲಿ ಮಾರಿ, ಕುತ್ತಿಗೆ ತುಂಬ ಗರಿ ಇರುವ, ಒಳ್ಳೇ ಮೈಕಟ್ಟಿನ ಹೊಸ ಹುಂಜ ತಂದರು. ಕೋಳಿಗಳೆಲ್ಲ ಗರಿ ಕುತ್ತಿಗೆಯವೇ. ಒಂದು ವಾರ ಬಿಟ್ಟು ಸಿಕ್ಕ ಮೊಟ್ಟೆಗಳನ್ನು ಕಾವಿಗೆ ಇಟ್ಟರು. 21 ದಿನಕ್ಕೆ ಮರಿ ಹೊರಬಂದಾಗ ಎರಡು ಮರಿಗೆ ಬೋಳು ಕುತ್ತಿಗೆ! "ಹಳೇ ಹುಂಜ ಹೋಗಿ ವಾರ ಆತಲ್ಲ, ಇವೆಲ್ಲಿಂದ ಬಂದ್ವು?" ಅಂತ ಅಜ್ಜಿ ಕೇಳಿದ್ರೆ ಏನು ಹೇಳೋದು?

ಬೋಳು ಕುತ್ತಿಗೆ ಪ್ರಬಲ ಗುಣ. ತಂದೆ ಅಥವಾ ತಾಯಿ, ಒಬ್ಬರಿಂದ ಆ ಜೀನ್ ಬಂದರೂ ಸಾಕು, ಮರಿಯಲ್ಲಿ ಕಾಣಿಸುತ್ತೆ. ತಾಯಿಗೂ ಹೊಸ ಹುಂಜಕ್ಕೂ ಅದು ಇಲ್ಲ ಅಂದಮೇಲೆ ಆ ಮರಿಗಳ ತಂದೆ ಹಳೇ ಹುಂಜವೇ. ಊರು ಬಿಟ್ಟರೂ ಅದು ಸ್ಪರ್ಧೆ ಬಿಟ್ಟಿಲ್ಲ. ಇದನ್ನೇ ಜೀವಶಾಸ್ತ್ರದಲ್ಲಿ ವೀರ್ಯಾಣು ಸ್ಪರ್ಧೆ ಅಂತಾರೆ.

ಕೋಳಿಯೊಳಗಿನ ಸ್ಟೋರೇಜ್

ಕೋಳಿಯ ಅಂಡನಾಳದಲ್ಲಿ ವೀರ್ಯಾಣು ಕೂಡಿಡುವ ಅತಿ ಸಣ್ಣ ಕೊಳವೆಗಳಿವೆ. ಹುಂಜ ಕೊಟ್ಟ ವೀರ್ಯಾಣುಗಳಲ್ಲಿ ತೀರ ಸಣ್ಣ ಪಾಲು ಮಾತ್ರ ಅಲ್ಲಿಗೆ ತಲುಪುತ್ತೆ. ತಲುಪಿದವು ಎರಡು ಮೂರು ವಾರ ಬದುಕಿರಬಲ್ಲವು. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಹೊರಬಂದು ಹೊಸ ಹೊಸ ಮೊಟ್ಟೆಗಳನ್ನು ಫಲಿಸುತ್ತವೆ. ಹಾಗಾಗಿ ಒಂದೇ ಕೋಳಿಯೊಳಗೆ ಎರಡು ಹುಂಜಗಳ ವೀರ್ಯಾಣು ಒಟ್ಟಿಗೆ ಇರಬಹುದು.

ದಿನ ಕಳೆದಂತೆ ಹಳೇ ಸ್ಟಾಕ್ ಕರಗುತ್ತೆ. ನಮ್ಮ ಲ್ಯಾಬಿನ ಕೆಪಾಸಿಟರ್ ಡಿಸ್ಚಾರ್ಜ್ ಆಗುವ ಗ್ರಾಫ್ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಹಾಗೇ. ಆದ್ದರಿಂದಲೇ ಕೊನೆಗೆ ಬಂದ ಹುಂಜಕ್ಕೆ ಸಾಮಾನ್ಯವಾಗಿ ಹೆಚ್ಚು ಪಾಲು.

ಲಾಟರಿ ಲೆಕ್ಕ

ಈ ವಿಷಯಕ್ಕೆ ಅಡಿಪಾಯ ಹಾಕಿದವರು ಬ್ರಿಟನ್ನಿನ ಜೆಫ್ ಪಾರ್ಕರ್. ಸಗಣಿಯ ಮೇಲೆ ಕೂಡುವ ಹಳದಿ ನೊಣಗಳನ್ನು ಗಮನಿಸಿ 1970ರಲ್ಲಿ ಅವರು ಬರೆದ ಲೇಖನದಿಂದಲೇ ಇದು ಒಂದು ಪ್ರತ್ಯೇಕ ಅಧ್ಯಯನವಾಗಿ ಬೆಳೆಯಿತು. ಆ ನೊಣಗಳಲ್ಲಿ ಕೊನೆಯ ಗಂಡಿಗೆ ಸುಮಾರು ಶೇಕಡಾ 80 ಮೊಟ್ಟೆಗಳು ಸಿಗುತ್ತವೆ. ಅದಕ್ಕೇ ಗಂಡು ನೊಣ ಕೂಡಿದ ಮೇಲೂ ಹೆಣ್ಣು ಮೊಟ್ಟೆ ಇಟ್ಟು ಮುಗಿಸುವವರೆಗೆ ಕಾವಲು ನಿಲ್ಲುತ್ತೆ.

ಪಾರ್ಕರ್ ಮುಂದೆ ಇದನ್ನು ಲಾಟರಿಗೆ ಹೋಲಿಸಿದರು. ಯಾರ ಚೀಟಿ ಹೆಚ್ಚು, ಅವರು ಗೆಲ್ಲುವ ಸಾಧ್ಯತೆ ಹೆಚ್ಚು:

ಗೆಲ್ಲುವ ಸಾಧ್ಯತೆ = ತನ್ನ ವೀರ್ಯಾಣು ÷ ಎಲ್ಲರ ಒಟ್ಟು ವೀರ್ಯಾಣು

ಲೆಕ್ಕಕ್ಕಾಗಿ, ಹಳೇ ಹುಂಜದ್ದು 25 ಪಾಲು ಉಳಿದಿದೆ, ಹೊಸದರದ್ದು 75 ಪಾಲು ಸೇರಿದೆ ಅಂದುಕೊಳ್ಳಿ. 12 ಮೊಟ್ಟೆಯಲ್ಲಿ ಸರಾಸರಿ 3 ಹಳೇ ಹುಂಜಕ್ಕೆ. ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಚೀಟಿ ಪುಕ್ಕಟೆ ಅಲ್ಲ

ಹಾಗಾದ್ರೆ ಎಲ್ಲ ಗಂಡುಗಳೂ ರಾಶಿಗಟ್ಟಲೆ ವೀರ್ಯಾಣು ಯಾಕೆ ಮಾಡಲ್ಲ? ಅದಕ್ಕೂ ಶಕ್ತಿ ಖರ್ಚಾಗುತ್ತೆ. ಪೈಪೋಟಿ ಇದ್ದಲ್ಲಿ ಮಾತ್ರ ಆ ಖರ್ಚು ದಕ್ಕುತ್ತೆ. ಗೊರಿಲ್ಲಾ ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಗಂಡಿನ ಯಜಮಾನಿಕೆ. ಅದರ ತೂಕ ಸುಮಾರು 170 ಕೆಜಿ, ವೃಷಣಗಳ ತೂಕ ಬರೀ 30 ಗ್ರಾಂ. ಚಿಂಪಾಂಜಿ ಹೆಣ್ಣು ಹಲವು ಗಂಡುಗಳ ಜೊತೆ ಕೂಡುತ್ತೆ. ಅಲ್ಲಿ 45 ಕೆಜಿಯ ಗಂಡಿಗೆ ಸುಮಾರು 120 ಗ್ರಾಂ! ಗೊರಿಲ್ಲಾ ಹೊರಗೆ ಮೈಬಲದಿಂದ ಮುಗಿಸಿಕೊಳ್ಳುವ ಜಗಳವನ್ನು ಚಿಂಪಾಂಜಿ ಒಳಗೆ ಆಡುತ್ತೆ.

ಬೇರೆ ಉಪಾಯಗಳೂ ಇವೆ. ನಾವು ಹೆಲಿಕಾಪ್ಟರ್ ಅಂತ ಕರೆಯುವ ಹುಳದ ತೆಳ್ಳನೆಯ ಸಂಬಂಧಿಗಳಲ್ಲಿ, ಗಂಡು ಹಿಂದಿನವನ ವೀರ್ಯವನ್ನು ಮೊದಲು ಕೆರೆದು ತೆಗೆದು ಆಮೇಲೆ ತನ್ನದನ್ನು ಇಡುತ್ತೆ. ಇದನ್ನು 1979ರಲ್ಲಿ ಜೊನಾಥನ್ ವಾಗ್ ತೋರಿಸಿದರು.

ಹೆಣ್ಣು ಬರೀ ಹೊಲ ಅಲ್ಲ

ಇಷ್ಟು ಓದಿದ ಮೇಲೆ ಇದು ಬರೀ ಗಂಡುಗಳ ಆಟ ಅನ್ನಿಸಬಹುದು. ಗಂಡು ಬೀಜ, ಹೆಣ್ಣು ಹೊಲ ಅಂತ ನಮ್ಮಲ್ಲಿ ಹಳೇ ಮಾತೂ ಇದೆ. ಕೋಳಿ ಈ ಮಾತನ್ನು ಸುಳ್ಳು ಮಾಡುತ್ತೆ. ಟೊಮ್ಮಾಸೊ ಪಿಜ್ಜಾರಿ ಮತ್ತು ಟಿಮ್ ಬರ್ಕ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಂಪಿನಲ್ಲಿ ಕೆಳಗಿನ ಸ್ಥಾನದ ಹುಂಜ ಬಲವಂತವಾಗಿ ಮೇಲೇರಿದಾಗ ಕೋಳಿಗಳು ಆ ವೀರ್ಯವನ್ನು ಹೊರಹಾಕುವುದು ಹೆಚ್ಚು ಕಂಡುಬಂತು. ತಡೆಯಲಾಗದಿದ್ದರೂ ತಿರಸ್ಕರಿಸುವ ದಾರಿ ಅದಕ್ಕಿದೆ. ಲಾಟರಿ ನಡೆಯುವುದು ಹೆಣ್ಣಿನ ದೇಹದಲ್ಲಿ. ಯಾವ ಚೀಟಿ ಡಬ್ಬಿಯಲ್ಲಿ ಉಳಿಯಬೇಕು ಅನ್ನೋದರಲ್ಲಿ ಅದರ ಕೈಯೂ ಇದೆ. ಈ ಆಯ್ಕೆಯನ್ನು ಬಿಟ್ಟು ಗಂಡಿನ ಕಡೆಯ ಲೆಕ್ಕವನ್ನಷ್ಟೇ ಹಾಕಿದರೆ ವಿಕಾಸದ ಸಮೀಕರಣ ಅರ್ಧಕ್ಕೇ ನಿಲ್ಲುತ್ತೆ.

ಒಂದು ಎಚ್ಚರಿಕೆ: ಹಾಸ್ಟೆಲ್ ಚರ್ಚೆಗಳಲ್ಲಿ ಇಂಥ ವಿಷಯ ತಂದು "ಪ್ರಕೃತಿನೇ ಹಿಂಗೆ, ಮನುಷ್ಯರೂ ಹಿಂಗೇ" ಅನ್ನುವವರಿದ್ದಾರೆ. ಕೋಳಿಯಲ್ಲಿ ಏನು ನಡೆಯುತ್ತೆ ಅನ್ನೋದು ವಿಜ್ಞಾನ. ನಾವು ಹೇಗೆ ನಡೆದುಕೊಳ್ಳಬೇಕು ಅನ್ನೋದು ನಮ್ಮ ವಿವೇಕ. ಒಂದರಿಂದ ಇನ್ನೊಂದನ್ನು ಡಿರೈವ್ ಮಾಡೋಕಾಗಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಗೆ ಇಷ್ಟು ಹೇಳಿ: "ಹೊಸ ಹುಂಜಂದೇ ಮರಿ ಬೇಕಂದ್ರ, ಹಳೇದನ್ನ ತೆಗೆದ ಮ್ಯಾಲ ಕನಿಷ್ಠ ಮೂರು ವಾರ ಬಿಡಬೇಕು. ಅಲ್ಲೀತನಕದ ತತ್ತಿ ಸಾರಿಗೆ, ಆಮ್ಯಾಲಿನವು ಕಾವಿಗೆ."