ಓಟದ ದಾರಿಯಲ್ಲಿ ಪ್ರಥಮ ಚಿಕಿತ್ಸೆಯ ತಂಡ

ಮಕ್ಕಳೇ, ಶಾಲೆಯ ಕ್ರೀಡಾಕೂಟದಲ್ಲಿ ಯಾರಾದರೂ ಬಿದ್ದರೆ ಮೇಷ್ಟ್ರು ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ನೋಡಿದ್ದೀರಿ. ಓಡುವವರು ಹತ್ತಾರು ಸಾವಿರ ಮಂದಿ, ದೂರ 42 ಕಿಲೋಮೀಟರಿಗೂ ಹೆಚ್ಚು ಆದರೆ? ಇಂಗ್ಲೆಂಡಿನಲ್ಲಿ 1981ರಲ್ಲಿ ಆರಂಭವಾದ ಲಂಡನ್ ಮ್ಯಾರಥಾನ್ ಅಂಥ ಓಟ. ಅದರ ದಾರಿಯುದ್ದಕ್ಕೂ ಸೇಂಟ್ ಜಾನ್ ಆಂಬ್ಯುಲೆನ್ಸ್ ಎಂಬ ಸೇವಾಸಂಸ್ಥೆಯ ಸ್ವಯಂಸೇವಕರು ನಿಂತಿರುತ್ತಾರೆ. ಇವರಿಗೆ ಸಂಬಳವಿಲ್ಲ.

ಈ ಸಂಸ್ಥೆ ಹುಟ್ಟಿದ್ದು 1877ರಲ್ಲಿ. ಗಣಿ, ಕಾರ್ಖಾನೆ, ರೈಲುದಾರಿಗಳಲ್ಲಿ ಗಾಯಗೊಂಡವರು ವೈದ್ಯರು ಬರುವ ಮುನ್ನವೇ ಸಾಯುತ್ತಿದ್ದ ಕಾಲ ಅದು. ಮರುವರ್ಷ ಪೀಟರ್ ಶೆಫರ್ಡ್ ಎಂಬ ಸೈನ್ಯದ ವೈದ್ಯರು ಲಂಡನ್ನಿನ ವುಲ್‌ವಿಚ್‌ನಲ್ಲಿ ಸಾಮಾನ್ಯ ಜನರಿಗೆ ಪ್ರಥಮ ಚಿಕಿತ್ಸೆಯ ಪಾಠ ಹೇಳಿದರು. ವೈದ್ಯರಲ್ಲದವರಿಗೆ ಇದನ್ನು ಕಲಿಸಬಹುದೆಂಬುದು ಆಗ ಹೊಸ ವಿಚಾರ.

ಓಟದ ದಿನ ಅತಿ ಹೆಚ್ಚು ಬೇಡಿಕೆ ಯಾವುದಕ್ಕೆ ಗೊತ್ತೇ? ಕಾಲಿನ ಬೊಬ್ಬೆ, ಸ್ನಾಯುಸೆಳೆತ, ಬಟ್ಟೆ ಉಜ್ಜಿ ಸುಲಿದ ಚರ್ಮ! ಇವಕ್ಕೆ ಮುಲಾಮು, ಪಟ್ಟಿ ಸಾಕು. ಗುರಿ ಮುಟ್ಟಿದ ಜಾಗದಲ್ಲಿ ಮಾತ್ರ ವಿಚಿತ್ರವೊಂದು ಕಾಣುತ್ತದೆ. ಅಲ್ಲಿಯವರೆಗೆ ಚೆನ್ನಾಗಿ ಓಡಿದವರು ನಿಂತ ಕೂಡಲೇ ಕುಸಿಯುತ್ತಾರೆ. ಏಕೆ?

ಓಡುವಾಗ ಕಾಲಿನ ಮೀನಖಂಡದ ಸ್ನಾಯುಗಳು ಹಿಗ್ಗಿ ಕುಗ್ಗಿ ಅಭಿಧಮನಿಗಳನ್ನು ಹಿಂಡುತ್ತವೆ. ಬಾವಿಯ ನೀರನ್ನು ಪಂಪು ಮೇಲೆತ್ತುವಂತೆ ರಕ್ತ ಹೃದಯದ ಕಡೆಗೆ ಏರುತ್ತದೆ. ಥಟ್ಟನೆ ನಿಂತರೆ ಈ ಪಂಪೂ ನಿಲ್ಲುತ್ತದೆ. ರಕ್ತ ಕಾಲಿನಲ್ಲೇ ಉಳಿದು, ಮಿದುಳಿಗೆ ಹೋಗುವುದು ಕಡಿಮೆಯಾಗಿ ತಲೆ ಸುತ್ತುತ್ತದೆ. ಆದ್ದರಿಂದ ಒಬ್ಬ ಸ್ವಯಂಸೇವಕರ ಕೆಲಸ “ನಿಲ್ಲಬೇಡಿ, ನಡೆಯುತ್ತಿರಿ” ಎಂದು ಹೇಳುತ್ತಿರುವುದು. ನೋಡುವವರಿಗೆ ಅದೇನು ಮಹಾ ಕೆಲಸ ಅನ್ನಿಸಬಹುದು! ಕುಸಿದವರಿಗೆ ಎಚ್ಚರವಿದೆಯೇ, ಉಸಿರಾಟ ಸರಿಯಿದೆಯೇ ಎಂದು ನೋಡಿ, ಮಲಗಿಸಿ ಕಾಲುಗಳನ್ನು ಮೇಲೆತ್ತಿ ಹಿಡಿದರೆ ಬಹುಮಂದಿ ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಮೈ ಕಾದು, ಮಾತು ತೊದಲಿದರೆ ಅದು ಬಿಸಿಲಾಘಾತ ಇರಬಹುದು. ಆಗ ತಡಮಾಡದೆ ಮೈ ತಣ್ಣಗೆ ಮಾಡಿ ವೈದ್ಯರನ್ನು ಕರೆಯಬೇಕು. ಈ ಎರಡನ್ನೂ ಬೇರ್ಪಡಿಸಿ ಗುರುತಿಸುವುದೇ ಕಷ್ಟದ ಕೆಲಸ.

ಅಪರೂಪಕ್ಕೆ ಯಾರದಾದರೂ ಹೃದಯವೇ ನಿಲ್ಲುವುದುಂಟು. ರಕ್ತ ಸಿಗದಿದ್ದರೆ ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಒಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾರೆ. ಜನಸಂದಣಿಯಲ್ಲಿ ಆಂಬ್ಯುಲೆನ್ಸ್ ನುಗ್ಗಲಾಗದು. ಹಾಗಾಗಿ ಸೈಕಲ್ ಸವಾರರೊಬ್ಬರು ಡಿಫಿಬ್ರಿಲೇಟರ್ ಹೊತ್ತು ಬರುತ್ತಾರೆ. ಇದು ವಿದ್ಯುತ್ತಿನ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಯಂತ್ರ. ಅವರಿಗೆ ದಾರಿ ಹೇಳಿದವರು ರೇಡಿಯೋ ಮುಂದೆ ಕುಳಿತ ಇನ್ನೊಬ್ಬರು. ಯಂತ್ರದ ಬ್ಯಾಟರಿ ಸರಿಯಿದೆಯೇ ಎಂದು ಮೊದಲೇ ಪರೀಕ್ಷಿಸಿದವರು ಮತ್ತೊಬ್ಬರು. ಈ ಕೊನೆಯವರು ರೋಗಿಯ ಮುಖವನ್ನೂ ನೋಡಿರುವುದಿಲ್ಲ.

ಸಂಸ್ಥೆಯಲ್ಲಿ ನಿಮ್ಮ ವಯಸ್ಸಿನವರಿಗೂ 1922ರಿಂದ ‘ಕೆಡೆಟ್’ ಎಂಬ ವಿಭಾಗವಿದೆ. ಭಾರತದಲ್ಲಿಯೂ ಸೇಂಟ್ ಜಾನ್ ಆಂಬ್ಯುಲೆನ್ಸ್ ಇದೆ. ನಮ್ಮ ಪ್ರೌಢಶಾಲೆಗಳಲ್ಲಿ ಜೂನಿಯರ್ ರೆಡ್ ಕ್ರಾಸ್ ಘಟಕಗಳೂ ಇವೆ.

ಮಾಡಿ ನೋಡಿ: ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿಯನ್ನು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಮೈದಾನವನ್ನು ಒಂದು ಸುತ್ತು ಓಡಿ, ಸ್ವಲ್ಪ ನಡೆದಾಡಿ ಮತ್ತೆ ಎಣಿಸಿ. ಮೊದಲಿನ ಸಂಖ್ಯೆಗೆ ಮರಳಲು ಎಷ್ಟು ನಿಮಿಷ ಬೇಕಾಯಿತೆಂದು ಬರೆದಿಟ್ಟು ಗೆಳೆಯರದರೊಂದಿಗೆ ಹೋಲಿಸಿ.